ಕುರುಡು ಕಿಟಕಿಯ ಮಲ್ಲಿಗೆ

ಬೆಳಗಾಗುತ್ತಲೇ ನೆಲಿದಾ ಅಂಗಳದ ಮಲ್ಲಿಗೆಯಿಂದ ಒಂದು ಹೂ ಕಿತ್ತು, ಬೀದಿಗೆ ಬಂದು, ಮುಂಗೋಡೆಯ ಕುರುಡು ಕಿಟಕಿಯ ಕಟ್ಟೆಯ ಮೇಲಿಡುತ್ತಾಳೆ. ಹೂ ಸಿಗದ ದಿನ ಒಂದು ಎಲೆಯಾದರೂ ಸರಿ. ತಾಯಿ ಜುಲೆಮಾ ಸಾಯುವವರೆಗೂ ಹೀಗೇ ಇಟ್ಟವಳು. ಯಾರಿಗೆಂದು ಕೇಳಿದರೆ "ಸತ್ತವರಿಗೆ" ಎಂದು ಮಾತು ಮುಗಿಸುತ್ತಿದ್ದಳು.

ಸಾಲ್ತೊ ಊರಿನ ಆ ಮನೆಯನ್ನು ಕಟ್ಟಿದವರು ಕಡಲಾಚೆಯ ಜಿನೋವಾದಿಂದ ಬಂದ ಮೇಸ್ತ್ರಿಗಳು. ಬಾಗಿಲಿನ ಎರಡೂ ಬದಿಗೆ ಸರಿಸಮ ಕಿಟಕಿ ಇರಲೇಬೇಕು ಅವರಿಗೆ. ತೆರೆಯಲು ಒಳಗೆ ಕೋಣೆ ಇಲ್ಲದಿದ್ದರೆ ಗಾರೆಯಲ್ಲೇ ಕಿಟಕಿ ಮೂಡಿಸಿಬಿಡುತ್ತಿದ್ದರು. ಈ ಬೀದಿಯಲ್ಲಿ ಅಂಥ ಕುರುಡು ಕಿಟಕಿಗಳು ಬೇಕಾದಷ್ಟಿವೆ. ನೆಲಿದಾಳ ತಾತ ಬೊತ್ತಾರೊ ಮನೆಯನ್ನು ಕೊಂಡು ಹಿತ್ತಲಲ್ಲಿ ಬೇಕರಿ ನಡೆಸಿದ. ಬರಗಾಲದಲ್ಲಿ ಬಡವರಿಗೆ ರೊಟ್ಟಿ ಹಂಚಿದ ಪುಣ್ಯವಂತ. ಈಗ ನಗರಸಭೆ ಮನೆಯನ್ನು ದುರಸ್ತಿ ಮಾಡಿ ಸಂಗೀತ ಶಾಲೆ ಮಾಡುತ್ತಿದೆ. ಭಾನುವಾರ ತಾತನ ಹೆಸರಿನ ಹಿತ್ತಾಳೆ ಫಲಕ ಏರಬೇಕು. ನೆಲಿದಾ ಹೊಸ ಉಡುಪನ್ನೂ ಹೊಲಿಸಿಟ್ಟಿದ್ದಳು.

"ಏನಮ್ಮಾ, ಗೋಡೆಗೂ ಪೂಜೆನಾ? ನಿಮ್ಮ ಹೂವಿಂದ ಗಾರೆಗೆ ಕಲೆ ಬೀಳುತ್ತೆ," ಎಂದು ಮೇಸ್ತ್ರಿ ಎವಾರಿಸ್ತೊ ರೇಗಿಸಿದ.

"ನಿನ್ನ ಸಿಗರೇಟಿನ ಬೂದಿಗಿಂತ ವಾಸಿ ಬಿಡೋ."

ನಗುತ್ತಲೇ ಅವನು ಕಿಟಕಿಯ ಹಳೆಯ ಗಾರೆಗೆ ಉಳಿ ಊರಿದ. ಗಾರೆ ಕಳಚಿತು. ಕಟ್ಟೆಗೆ ತಾಗಿದಂತೆ ಗೋಡೆಯಲ್ಲಿದ್ದ ಒಂದು ಇಟ್ಟಿಗೆ ಕೈಗೇ ಬಂತು. ಅದಕ್ಕೆ ಸುಣ್ಣವೇ ಹಿಡಿಸಿರಲಿಲ್ಲ. ಅವನು ಟಾರ್ಚು ಹಿಡಿದು ಒಳಗೆ ನೋಡಿದ. ನಗು ನಿಂತಿತು.

"ಅಮ್ಮಾ, ಇಲ್ಲಿ ಕೋಣೆ ಇದೆ."

ಕಿರಿದಾದ ಕೋಣೆ. ಅದರ ಬಾಗಿಲನ್ನೂ ಇಟ್ಟಿಗೆಯಿಂದ ಮುಚ್ಚಿದ್ದರು. ಕಬ್ಬಿಣದ ಖಾಲಿ ಮಂಚ, ಒಂದು ಲೋಟ. ಕಿಟಕಿಯ ಬುಡದಲ್ಲಿ ಮುಟ್ಟಿದರೆ ಪುಡಿಯಾಗುವ ಒಣ ಹೂತೊಟ್ಟುಗಳ ರಾಶಿ. ಎವಾರಿಸ್ತೊ ಕೈ ತೂರಿಸಿ ಇಟ್ಟಿಗೆಗಳ ಒಳಮೈ ತಡವಿದ.

"ಸುಣ್ಣದಲ್ಲಿ ಬೆರಳಿನ ಗುರುತಿದೆ. ಹಸಿ ಇದ್ದಾಗ ಒಳಗಿಂದ ಒತ್ತಿದ್ದು." ಅವನು ಕೈ ಹೊರಗೆಳೆದುಕೊಂಡ. "ಕಿಟಕಿ ಮುಚ್ಚುವಾಗ ಒಳಗೆ ಯಾರೋ ಇದ್ರು, ಅಮ್ಮಾ."

ನೆಲಿದಾ ಕಿಂಡಿಗೆ ಮುಖವಿಟ್ಟು ನೋಡಿದಳು. ದೊಡ್ಡಮ್ಮ, ಅಮ್ಮನ ಅಕ್ಕ ಎರ್ಸಿಲಿಯಾ! ಮದುವೆಯಾಗಿ ಜಿನೋವಾದ ಹಡಗು ಹತ್ತಿದಳೆಂದೇ ಮನೆಯವರೆಲ್ಲ ಹೇಳುತ್ತಿದ್ದರು. ಹೋಗುವ ಮೊದಲು ತುಂಬ ಕೆಮ್ಮುತ್ತಿದ್ದಳೆಂದು ಅಮ್ಮ ಒಮ್ಮೆ ಬಾಯಿ ಜಾರಿ ಅಂದಿದ್ದಳು. ಕ್ಷಯದ ಮನೆಯ ರೊಟ್ಟಿಯನ್ನು ಯಾರು ಕೊಳ್ಳುತ್ತಿದ್ದರು? ತಾತ ಕಿಟಕಿಗೆ ಇಟ್ಟಿಗೆ ಕಟ್ಟಿಸಿ ಮಗಳನ್ನೇ ಬೀದಿಯ ಕಣ್ಣಿಂದ ಮರೆಮಾಡಿದ್ದ. ಕುರುಡು ಕಿಟಕಿಗಳ ಬೀದಿಯಲ್ಲಿ ಇನ್ನೊಂದನ್ನು ಯಾರು ಗಮನಿಸುತ್ತಾರೆ? ಆ ಸಡಿಲ ಇಟ್ಟಿಗೆಯನ್ನು ಸರಿಸಿ ತಂಗಿ ಜುಲೆಮಾ ಹೂ ಒಳಗಿಡುತ್ತಿದ್ದಳು. ಅಕ್ಕ ಸತ್ತು, ಹೆಣ ಗುಟ್ಟಾಗಿ ಹೊರಗೆ ಹೋಗಿ, ಬಾಗಿಲೂ ಮುಚ್ಚಿ, ಗಾರೆ ಮೆತ್ತಿದ ಮೇಲೂ ಕಟ್ಟೆಯವರೆಗಾದರೂ ತರುವುದನ್ನು ಬಿಡಲಿಲ್ಲ.

ಅಮ್ಮನಿಗೆ ಎಲ್ಲ ಗೊತ್ತಿತ್ತು. ನೆಲಿದಾ ಜಪಮಾಲೆಗಾಗಿ ಜೇಬು ತಡಕಿದಳು. ಪ್ರಾರ್ಥನೆಯ ಮೊದಲ ಮಾತೇ ಮರೆತುಹೋಗಿತ್ತು.

ಎವಾರಿಸ್ತೊ ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದ. "ಯಾರೂ ನೋಡಿಲ್ಲ. ಈಗಲೇ ಗಾರೆ ಮೆತ್ತಿಬಿಡ್ತೀನಿ. ಭಾನುವಾರ ಫಲಕ ಏರುತ್ತೆ, ತಾತನ ಹೆಸರು ಉಳಿಯುತ್ತೆ. ನಿಮಗೋಸ್ಕರ ಅಷ್ಟು ಮಾಡ್ತೀನಿ."

ಅವಳು ಕಟ್ಟೆಯ ಮೇಲಿನ ಹೂವನ್ನು ತೆಗೆದು, ಆ ಕಿಂಡಿಯೊಳಗೆ ಇಟ್ಟಳು.

"ಬೇಡಪ್ಪಾ," ಎಂದಳು. "ಮಿಕ್ಕ ಇಟ್ಟಿಗೇನೂ ತೆಗಿ."