ಕೊಬ್ಬರಿ ಎಣ್ಣೆ ಹಾಕಿದ ರೈಲು

ಐವತ್ತೆಂಟನೇ ಇಸವಿಯೋ ಐವತ್ತೊಂಬತ್ತೋ ಇರ್ಬೇಕು. ಯಸಳೂರು ಕಡೆ ಒಂದು ಕಾಫಿ ಎಸ್ಟೇಟಲ್ಲಿ ನಾನು ಫಿಟ್ಟರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ನು, ಪಂಪು, ಧಣಿಗಳ ಜೀಪು, ಎಲ್ಲಾ ನನ್ ಕೈಲೇ. ನಾನು ಕಿವಿ ಹಿಂಡಿದ್ರೆ ಸತ್ತ ಎಂಜಿನ್ನೂ ಎದ್ದು ಕೂರ್ತಿತ್ತು ಕಣ್ರೀ, ಸುಳ್ಳಲ್ಲ.

ಆಗ ಸಕಲೇಶಪುರಕ್ಕೆ ರೈಲೇ ಬಂದಿರ್ಲಿಲ್ಲ. ನಮ್ ಕೂಲಿಯೋರ ಲೈನ್ ಮನೇಲಿದ್ದ ಪುಟ್ಟಮ್ಮಜ್ಜಿ ಮಗ ರಂಗ ಹುಬ್ಬಳ್ಳೀಲಿ ರೈಲಿಗೆ ಕಲ್ಲಿದ್ದಲು ಹಾಕೋ ಕೆಲಸಕ್ಕಿದ್ದ. ಹೆಂಡ್ತಿಗೆ ಚೊಚ್ಚಲ ಹೆರಿಗೆ, ಅವಳ ತವರಲ್ಲಿ ಯಾರೂ ಇಲ್ಲ. ಅವ್ವ ಬರ್ಲಿ ಅಂತ ಹೇಳಿ ಕಳಿಸಿದ್ದ. ಹಾಸನದವರೆಗೂ ಬಸ್ಸು, ಆಮೇಲೆ ರೈಲು. ಅಜ್ಜಿಗೆ ರೈಲಂದ್ರೆ ಜೀವಭಯ.

"ಹೊಟ್ಟೇಲಿ ಬೆಂಕಿ ಇಟ್ಕೊಂಡ್ ಓಡೋದ್ರಾಗೆ ನಾನ್ ಕೂರಾಕಿಲ್ಲ ಕಣೋ."

"ಭಾನುವಾರ ಬಂಗ್ಲೆ ಜಗಲಿಗೆ ಬಾ ಅಜ್ಜಿ. ರೈಲು ಕರುವಿನಂಗೆ ಎಷ್ಟು ಸಾಧು ಅಂತ ತೋರಿಸ್ತೀನಿ" ಅಂದೆ.

ಧಣಿಗಳತ್ರ ಗೇಣುದ್ದದ ಎಂಜಿನ್ನಿನ ಆಟದ ರೈಲಿತ್ತು. ಕಾರ್ ಬ್ಯಾಟರೀಲಿ ಓಡೋದು. ಅದನ್ನ ಕ್ಲೀನ್ ಮಾಡಿ ಲೈನಿನೋರಿಗೆ ತೋರ್ಸು ಅಂತ ನಂಗೇ ಒಪ್ಪಿಸಿದ್ರು.

ಮೊದ್ಲು ಚಕ್ರಕ್ಕೆ ಸುತ್ಕೊಂಡಿರೋ ಕೂದಲು, ನೂಲು ಚಿಮಟದಲ್ಲಿ ತೆಗೀಬೇಕು. ಚಕ್ರ, ಹಳಿ ಸ್ಪಿರಿಟ್ ಬಟ್ಟೇಲಿ ಒರೆಸ್ಬೇಕು, ಕರೆಂಟು ಹರಿಯೋದೇ ಅಲ್ಲಿ. ಆಮೇಲೆ ಆಕ್ಸಲ್‌ಗೆ, ಅಂದ್ರೆ ಚಕ್ರದ ಅಚ್ಚಿಗೆ, ಮತ್ತೆ ಗೇರಿಗೆ ಸೂಜಿ ಮೊನೇಲಿ ಒಂದೊಂದು ತೊಟ್ಟು ತೆಳು ಎಣ್ಣೆ. ಧಣಿಗಳು ಕೊಟ್ಟ ಸೀಸೆ ಬೆರಳುದ್ದ ಇತ್ತು. "ಇದೇನು ಗುಬ್ಬಚ್ಚಿಗೆ ಅಭ್ಯಂಜನವಾ?" ಅಂತ ನಕ್ಕು, ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಧಾರಾಳವಾಗಿ ಸುರಿದ್ಬುಟ್ಟೆ. ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ ಸರ್ರಂತ ಓಡ್ತು.

ಭಾನುವಾರ ಬೆಳಿಗ್ಗೆ ಧನುರ್ಮಾಸದ ಚಳಿ. ಅಜ್ಜಿ ಹಳಿ ಪಕ್ಕಾನೇ ಕೂತಿದ್ಲು. ಸ್ವಿಚ್ ಒತ್ತಿದೆ. ಗುಂಯ್ ಅಂತು, ಕದಲಲಿಲ್ಲ. ಎಣ್ಣೆ ಗೇರಿನೊಳಗೆ ಹೆಪ್ಪುಗಟ್ಟಿ ಬೆಣ್ಣೆಯಾಗಿತ್ತು.

"ಏನ್ ಮಾರಾಯ, ನಿನ್ ಕರು ಮಲಗ್ಬುಟ್ಟೈತೆ!" ಅಂದ ಲೆಕ್ಕ ಬರೆಯೋ ಎಸ್ಟೇಟ್ ರೈಟರ್. ಎಲ್ಲಾ ನಕ್ರು. ಮಾನ ಹೋಯ್ತಲ್ಲ ಅಂತ ನಾನು ಸ್ವಿಚ್ ಬಿಡ್ಲೇ ಇಲ್ಲ. ಮೋಟಾರು ಕಾದು ಸೀದು, ಬುಸ್ಸಂತ ಹೊಗೆ ಬಂತು.

ಅಜ್ಜಿ ಮೂಗಿಗೆ ಸೆರಗು ಹಿಡಿದು ಎದ್ಲು. "ಇಷ್ಟಗಲದ್ದೇ ಹಿಂಗ್ ಉರಿದ್ರೆ, ದೊಡ್ಡದು?" ಎಷ್ಟು ಬೇಡ್ಕೊಂಡ್ರೂ ಕೇಳ್ಲಿಲ್ಲ. ಹಾಸನದ ಬಸ್ಸೂ ಹತ್ತಲಿಲ್ಲ.

ಕೂಸು ಅಂಬೆಗಾಲಿಡೋ ಹೊತ್ತಿಗೆ ರಂಗ ಹೆಂಡ್ತಿ ಮಗೂನ ಕರ್ಕೊಂಡು ಬಂದ. "ಹೆರಿಗೆ ದಿನ ನಾನ್ ಡ್ಯೂಟೀಲಿದ್ದೆ ಅವ್ವ. ಇವ್ಳೊಬ್ಳೇ ಒದ್ದಾಡಿದ್ಲು. ಯಾಕ್ ಬರ್ಲಿಲ್ಲ ನೀನು?"

ಅಜ್ಜಿ ನನ್ ಕಡೆ ಕಣ್ಣೂ ಎತ್ತಲಿಲ್ಲ. "ನಂಗೇ ಭಯ ಆಯ್ತು ಕಣೋ" ಅಂದ್ಲು.

ಮಿಷನ್ನು ಯಾವ ಹೊತ್ತಲ್ಲಿ ಓಡ್ಬೇಕೋ ಆ ಹೊತ್ತಲ್ಲೇ ಓಡಿಸಿ ನೋಡ್ಬೇಕು ಅಂತ ಆ ಭಾನುವಾರವೇ ಕಲ್ತೆ. ಇನ್ನೊಬ್ರ ಧೈರ್ಯಾನ ನನ್ ಜಂಬಕ್ಕೆ ಕಟ್ಟಿ ಎಳೀಬಾರ್ದು ಅಂತ ಕಲಿಯೋ ಹೊತ್ತಿಗೆ ಕೂಸಿಗೆ ಎರಡು ಹಲ್ಲು ಬಂದಿತ್ತು. ಅಜ್ಜಿ ಅದರ ಮುಖ ನೋಡಿದ್ದು ಅವತ್ತೇ ಮೊದ್ಲು.