ಅತ್ತೆ ಹೆಣೆದ ಜಡೆ

ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲುಗಳ ಒದ್ದೆ ಚಾದರಗಳನ್ನು ಕಾದ ರೋಲರಿನ ಬಾಯಿಗೆ ಸುಕ್ಕಿಲ್ಲದಂತೆ ಕೊಡುವುದು ಅವಳ ಕೆಲಸ. ಬೆರಳು ತಾಗಿದರೆ ಯಂತ್ರ ನಿಲ್ಲಿಸಬೇಕಾದ ತಡೆಪಟ್ಟಿ ಎಂದೋ ಮುರಿದಿತ್ತು. ಅದನ್ನು ತಂತಿಯಲ್ಲಿ ಬಿಗಿದು ಕೆಲಸ ಸಾಗಿಸುತ್ತಿದ್ದರು. ಒಂದು ಮಧ್ಯಾಹ್ನ ಚಾದರದ ಜೊತೆಗೆ ಅವಳ ಬಲಗೈಯೂ ಒಳಗೆ ಹೋಯಿತು. ಪಕ್ಕದವಳು ಓಡಿಬಂದು ಸ್ವಿಚ್ ಆರಿಸಿದ್ದರಿಂದ ಕೈ ಉಳಿಯಿತು. ಬೆರಳುಗಳು ಮಾತ್ರ ಮಡಚುವುದನ್ನು ಮರೆತವು.

ಮನೆಯಲ್ಲಿ ಅವಳು ಮೊದಲು ಸೋತದ್ದು ತನ್ನ ಕೂದಲಿಗೆ. ಒಂದೇ ಕೈಯಲ್ಲಿ ಜಡೆ ಹಾಕುವುದೆಂತು? ಗಂಡ ಕೈಹಾಕಿ ನೋಡಿದ.

"ಸರಿಯೋ ಆಚೆ. ಹೆಂಡತಿ ತಲೆಯೋ, ಮೂಟೆಯೋ ಅದು?" ಎಂದು ಅತ್ತೆ ಮಗನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು.

ಅತ್ತೆಗೂ ಸೊಸೆಗೂ ಮಾತು ನಿಂತು ಬಹಳ ಕಾಲವಾಗಿತ್ತು. ಯಾತಕ್ಕೆಂದು ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ, ಆದರೆ ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಹಾಗಾಗಿ ಅತ್ತೆ ದಿನಾ ಬೆಳಿಗ್ಗೆ ಮಾತಿಲ್ಲದೆ ಜಡೆ ಹೆಣೆಯುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ.

ಗಾಯ ಒಣಗಿ ಕೆಲಸಕ್ಕೆ ಮರಳಿದಾಗ ಮ್ಯಾನೇಜರ್ ಕರೆದ. ಲಾಂಡ್ರಿಯ ವಾರ್ಷಿಕ ಸಭೆ ಹತ್ತಿರವಾಗಿತ್ತು. 'ಕಷ್ಟದಲ್ಲೂ ಕೃತಜ್ಞರಾಗಿರಿ' ಎಂಬ ಬ್ಯಾನರ್ ಆಗಲೇ ಗೋಡೆಯೇರಿತ್ತು.

"ಕಂಪನಿ ನನ್ನ ಕೈಬಿಡಲಿಲ್ಲ ಅಂತ ಯಜಮಾನರ ಮುಂದೆ ನಾಲ್ಕು ಮಾತು ಹೇಳಮ್ಮ. ಕೂತುಕೊಂಡು ಚೀಟಿ ಅಂಟಿಸೋ ಕೆಲಸ ನಿನಗೇ. ಇಲ್ಲಾಂದ್ರೆ ಕೆಳಗಿನ ಕೊಳೆಬಟ್ಟೆ ಕೋಣೆ. ನಿನ್ನಿಷ್ಟ."

ಮುರಿದ ಪಟ್ಟಿ ಬದಲಿಸಲು ಪುರುಸೊತ್ತಿಲ್ಲದವರಿಗೆ, ಕೈ ಸುಟ್ಟುಕೊಂಡವಳಿಂದ ಉಪಕಾರಸ್ಮರಣೆ ಮಾಡಿಸಲು ಮಾತ್ರ ಬೇಕಾದಷ್ಟು ಪುರುಸೊತ್ತಿತ್ತು.

"ಹೇಳಿಬಿಡೇ," ಅಂದಳು ಪಕ್ಕದವಳು. "ನಿನ್ನ ನಾಲಿಗೆಯೇನೂ ರೋಲರಿಗೆ ಸಿಕ್ಕಿಲ್ವಲ್ಲ."

ಕೆಳಗಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ದಿನವಿಡೀ ನಿಂತೇ ಇರಬೇಕು. ಹೇಳಿಬಿಡುವುದೆಂದೇ ಅವಳು ನಿಶ್ಚಯಿಸಿದಳು. ಸಭೆಯ ದಿನ ಬೆಳಿಗ್ಗೆ ಹೊಸ್ತಿಲ ಹತ್ತಿರ ತಲೆ ಕೊಟ್ಟು ಕೂತವಳು ಮೆಲ್ಲಗೆ ಬಾಯಿಪಾಠ ಮಾಡತೊಡಗಿದಳು.

"ನನ್ನ ಕಷ್ಟಕಾಲದಲ್ಲಿ ನೀವು ಕೈಬಿಡಲಿಲ್ಲ. ನಿಮ್ಮ ಉಪಕಾರ ಮರೆಯೋದಿಲ್ಲ."

ಹಿಂದೆ ಹೆಣೆಯುತ್ತಿದ್ದ ಕೈ ನಿಂತಿತು.

"ಅದಕ್ಕೆಲ್ಲ ಇಷ್ಟು ದೊಡ್ಡ ಮಾತ್ಯಾಕೆ?" ಅಂದರು ಅತ್ತೆ. ಮತ್ತೆ ಹೆಣೆಯತೊಡಗಿ, "ಮನೆಯವರ ಹತ್ರ ಯಾರಾದ್ರೂ ಹೀಗೆ ಮಾತಾಡ್ತಾರಾ? ತಲೆ ನೆಟ್ಟಗೆ ಇಟ್ಕೋ."

ನಿಮಗಲ್ಲ ಅಂದದ್ದು ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮತ್ಯಾರಿಗೆ? ಜಡೆ ಅಂದೂ ಅಷ್ಟೇ ಬಿಗಿಯಾಗಿತ್ತು. ಯಾಕೋ ನೋಯಲಿಲ್ಲ.

ಸಭೆಯಲ್ಲಿ ಮೈಕಿನ ಮುಂದೆ ನಿಂತು ಅವಳು ನಿಧಾನವಾಗಿಯೇ ಹೇಳಿದಳು.

"ಸ್ವಿಚ್ ಆರಿಸಿದ್ದು ನನ್ನ ಪಕ್ಕದವಳು. ಅವಳ ಉಪಕಾರ ಮರೆಯೋದಿಲ್ಲ. ನಮ್ಮತ್ತೆಗೆ ಹೇಳಬೇಕಾದ್ದನ್ನ ಬೆಳಿಗ್ಗೇನೇ ಹೇಳಿ ಬಂದಿದೀನಿ. ಇನ್ನು ಯಜಮಾನರಿಗೆ..."

ಮ್ಯಾನೇಜರ್ ಚಪ್ಪಾಳೆಗೆ ಕೈ ಎತ್ತಿ ಕಾದ.

"ಆ ತಡೆಪಟ್ಟಿ ಇನ್ನೂ ತಂತಿಯಲ್ಲೇ ಇದೆ ಸ್ವಾಮಿ. ಹೊಸದು ಹಾಕಿಸಿ. ಆಮೇಲೆ ಹೇಳ್ತೀನಿ."

ಎತ್ತಿದ ಕೈಯನ್ನು ಮ್ಯಾನೇಜರ್ ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

ಮರುದಿನದಿಂದ ಅವಳಿಗೆ ಕೆಳಗಿನ ಕೋಣೆ. ರಕ್ತದ ಕಲೆ, ಎಣ್ಣೆಯ ಕಲೆ ಬೇರೆ ಬೇರೆ ಮಾಡುತ್ತ ಎಡಗೈ ಪಳಗಿತು. ಸ್ವಲ್ಪ ದಿನಕ್ಕೆ, ಯಾರೂ ಸದ್ದು ಮಾಡದೆ, ರೋಲರಿಗೆ ಹೊಸ ತಡೆಪಟ್ಟಿ ಬಂತು. ಇಸ್ತ್ರಿಯಕ್ಕ ಮೆಟ್ಟಿಲು ಹತ್ತಿ ಬಂದು ಅದನ್ನು ಎಡಗೈಯಿಂದ ಒತ್ತಿದಳು. ಯಂತ್ರ ತಟ್ಟನೆ ನಿಂತಿತು.

"ಯಾರದು ನಿಲ್ಲಿಸಿದ್ದು?" ಮ್ಯಾನೇಜರ್ ಓಡಿಬಂದ.

"ನಾನೇ ಸಾರ್. ಆಮೇಲೆ ಹೇಳ್ತೀನಿ ಅಂದಿದ್ನಲ್ಲ. ಉಪಕಾರವಾಯ್ತು ಅಂತ ಯಜಮಾನರಿಗೆ ತಿಳಿಸಿಬಿಡಿ."

ಅದು ಕೊಂಕಿನ ಮಾತಾಗಿರಲಿಲ್ಲ. ತನ್ನ ಹಳೆಯ ಜಾಗದಲ್ಲಿ ಈಗ ನಿಂತಿದ್ದ ಹುಡುಗಿಯ ಕೈಗಳನ್ನು ಒಮ್ಮೆ ನೋಡಿ, ಅವಳು ಮತ್ತೆ ಮೆಟ್ಟಿಲಿಳಿದಳು.