ಹದಿನೈದು ಮೊಟ್ಟೆ, ಇಪ್ಪತ್ತೊಂಬತ್ತು ಮಕ್ಕಳು

ಕಳೆದ ಡಿಸೆಂಬರಿನಲ್ಲಿ, ವಿರಾಜಪೇಟೆಯಿಂದ ಅರ್ಧ ಗಂಟೆ ದೂರದ ಒಂದು ಕಾಫಿ ಎಸ್ಟೇಟು ತನ್ನ ಕೂಲಿಕಾರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮಕ್ಕಳ ಮನೆಯ ಪಟ್ಟಿಯಿಂದ ಹದಿನಾಲ್ಕು ಹೆಸರು ಹೊಡೆದುಹಾಕಿತು. ಆ ಹದಿನಾಲ್ಕರಲ್ಲಿ ಅತಿ ಚಿಕ್ಕವಳಿಗೆ ಒಂದೂವರೆ ವರ್ಷ.

ಈಗ ಜನವರಿ. ಬೆಳಗಿನ ಆರು ಗಂಟೆ. ಅಂಗಳದಾಚೆಯ ಸಿಲ್ವರ್ ಓಕ್ ಮರ ಕಾಣದಷ್ಟು ಮಂಜು ಇಳಿದಿದೆ. ಮಕ್ಕಳ ಮನೆಯ ಹಿಂಬದಿಯ ಒಲೆಗೆ ಸವರಿಯಮ್ಮ ಒಣಗಿದ ಕಾಫಿ ರೆಂಬೆ ತುರುಕಿ ಊದುತ್ತಿದ್ದಾರೆ. ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ, ಅದರೊಳಗೆ ಹದಿನೈದು ಮೊಟ್ಟೆ. ಸವರಿಯಮ್ಮನ ವಯಸ್ಸು ಐವತ್ತೆಂಟು. ಸೀರೆಯ ಮೇಲೆ ಗಂಡಸರ ಹಳೇ ಸ್ವೆಟರ್, ಕೊರಳಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಸಣ್ಣ ಶಿಲುಬೆ. ಮೂವತ್ತೊಂದು ವರ್ಷದಿಂದ ಅವರು ಈ ಎಸ್ಟೇಟಿನ ಆಯಾ. ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳ ಸಣ್ಣವರಿಗೂ ದೊಡ್ಡವರಿಗೂ ‘ಆಯಮ್ಮ’.

ಆರೂವರೆಗೆ ಹೆಂಗಸರು ಬರತೊಡಗುತ್ತಾರೆ. ಏಳಕ್ಕೆ ಮಸ್ಟರು, ಅಂದರೆ ಹಾಜರಿ. ಅಷ್ಟರೊಳಗೆ ಸೊಂಟದ ಮೇಲಿನ ಮಗು ಕೆಳಗಿಳಿಯಬೇಕು, ಸೊಂಟಕ್ಕೆ ಹಣ್ಣು ಬಿಡಿಸುವ ಚೀಲ ಕಟ್ಟಬೇಕು. ಅಸ್ಸಾಮಿನಿಂದ ಬಂದವರು, ಜಾರ್ಖಂಡಿನವರು, ಹುಣಸೂರು ಕಡೆಯವರು, ಮೂರು ತಲೆಮಾರಿನಿಂದ ಇಲ್ಲೇ ಇರುವ ತಮಿಳರು, ಗಡಿ ದಾಟಿ ಕುಟ್ಟದ ಮಾರ್ಗವಾಗಿ ಬಂದ ಮಲಯಾಳಿಗಳು. ಮಕ್ಕಳು ಅಳುವುದಕ್ಕೆ ಮಾತ್ರ ಒಂದೇ ಭಾಷೆ. ಒಬ್ಬ ‘ಅಂಡಾ’ ಎನ್ನುತ್ತಾನೆ, ಇನ್ನೊಬ್ಬಳು ‘ಮುಟ್ಟೆ’ ಎನ್ನುತ್ತಾಳೆ. ಆಯಮ್ಮನಿಗೆ ಎಲ್ಲವೂ ತಿಳಿಯುತ್ತದೆ.

“ಇಳಿಸು ತಾಯಿ, ಇಳಿಸು. ನಿನ್ನ ಕಣ್ಣೀರು ನೋಡೇ ಅದು ಅಳೋದು. ನೀನು ನಗ್ತಾ ಹೋಗು” ಎಂದು ಹೊಸಬಳೊಬ್ಬಳ ತೋಳಿನಿಂದ ಮಗುವನ್ನು ಕಿತ್ತುಕೊಳ್ಳುತ್ತಾರೆ. ಏಳಕ್ಕೆ ಐದು ನಿಮಿಷವಿರುವಾಗ ಒಳಗೆ ಇಪ್ಪತ್ತೊಂಬತ್ತು ಮಕ್ಕಳಿದ್ದಾರೆ. ಬಾಗಿಲಿಗೆ ಅಂಟಿಸಿದ ನೋಟಿಸಿನ ಪ್ರಕಾರ ಇರಬೇಕಾದವರು ಹದಿನೈದು. ಕಾಯಂ ಕೆಲಸಗಾರರ ಮಕ್ಕಳು ಮಾತ್ರ. ಸೀಸನ್ನಿಗೆ ಬಂದವರ ಮಕ್ಕಳು ಎಲ್ಲಿರಬೇಕು ಎಂದು ನೋಟಿಸು ಹೇಳುವುದಿಲ್ಲ. ಅದನ್ನು ಬರೆದವರಿಗೆ ಆ ಪ್ರಶ್ನೆಯೇ ಬಂದಿಲ್ಲ.

ಮೊಟ್ಟೆಯೂ ಹದಿನೈದೇ ಬರುತ್ತದೆ, ವಾರಕ್ಕೆ ಮೂರು ದಿನ. ಹಂಚುವುದು ಹತ್ತು ಗಂಟೆಗೆ. ಸವರಿಯಮ್ಮನ ಕೆಲಸ ನೋಡಬೇಕಾದದ್ದು ಇಲ್ಲಿ. ಕಿಟಕಿಯ ಸರಳಿಗೆ ಹೊಲಿಗೆ ದಾರದ ಒಂದು ತುದಿ ಕಟ್ಟಿದೆ. ಇನ್ನೊಂದು ತುದಿಯನ್ನು ಎಡಗೈ ಬೆರಳಿಗೆ ಸುತ್ತಿ ಬಿಗಿಯುತ್ತಾರೆ. ಸುಲಿದ ಮೊಟ್ಟೆಯನ್ನು ಬಲಗೈಯಲ್ಲಿ ಹಿಡಿದು ದಾರಕ್ಕೆ ಒತ್ತುತ್ತಾರೆ. ಸದ್ದೇ ಇಲ್ಲದೆ ಎರಡು ಹೋಳು.

ಚಾಕು ಯಾಕಾಗದು?

“ಚಾಕೂಗೆ ಹಳದಿ ಅಂಟುತ್ತಲ್ಲ. ಅಂಟಿದ್ದು ಯಾರ ಪಾಲು, ಹೇಳಿ?”

ಹದಿನೈದು ಮೊಟ್ಟೆಗೆ ಮೂವತ್ತು ಹೋಳು. ಮಕ್ಕಳಿಗೆ ಇಪ್ಪತ್ತೊಂಬತ್ತು. ಇಲ್ಲಿಯ ಕಟ್ಟಳೆ ಒಂದೇ: ಕೊಯ್ದವರು ಕೊನೆಗೆ ತಗೋಬೇಕು. ಐದು ತುಂಬಿದ ಮಕ್ಕಳಿಗೆ ಶುಕ್ರವಾರ ಸರದಿಯಂತೆ ದಾರ ಸಿಗುತ್ತದೆ. ಎಲ್ಲರೂ ತೆಗೆದುಕೊಂಡ ಮೇಲೆ ಉಳಿದ ಹೋಳೇ ತನ್ನದು ಎಂದು ಗೊತ್ತಿರುವ ಮಗು ಎಷ್ಟು ಎಚ್ಚರದಿಂದ ಕೊಯ್ಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು. ನಾಲಿಗೆ ಹೊರಗೆ ಬಂದಿರುತ್ತದೆ, ಉಸಿರು ನಿಂತಿರುತ್ತದೆ.

ಈ ಕಟ್ಟಳೆ ಸವರಿಯಮ್ಮನದಲ್ಲ. ಅವರ ತಾಯಿ ಅರೋಕ್ಯಮ್ಮನದು.

ಅರೋಕ್ಯಮ್ಮ ಇದೇ ಎಸ್ಟೇಟಿನ ಮೂರನೇ ಲೈನಿನಲ್ಲಿ ಐದು ಮಕ್ಕಳನ್ನು ಬೆಳೆಸಿದಾಕೆ. ಓದು ಬರುತ್ತಿರಲಿಲ್ಲ. ಹಣ್ಣಿನ ಸೀಸನ್ನಿನಲ್ಲಿ ಭಾನುವಾರವೂ ಕೆಲಸ, ವಿರಾಜಪೇಟೆಯ ಚರ್ಚಿನ ಪೂಜೆಗೆ ಹೋಗಲು ಬಿಡುತ್ತಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಮನೆಯ ಒಂದೇ ಕೋಳಿಯ ಮೊಟ್ಟೆ ಬೇಯಿಸಿ, ಸೀರೆಯ ಅಂಚಿನಿಂದ ನೂಲು ಎಳೆದು, ಐದು ಪಾಲು ಮಾಡುತ್ತಿದ್ದರು. ತನಗೆ ಪಾಲಿಲ್ಲ. ಪಾಲು ಹಿಡಿದುಕೊಂಡ ಮಕ್ಕಳು ಒಬ್ಬೊಬ್ಬರಾಗಿ ದೇವರಿಗೆ ಸ್ತೋತ್ರ, ಅಂದರೆ ವಂದನೆ, ಹೇಳಿ ತಿನ್ನಬೇಕು.

ಏಳು ವರ್ಷದ ಸವರಿಗೆ ಮೊದಲ ಸಲ ನೂಲು ಸಿಕ್ಕಿತು. “ನಾನು ಕಳ್ಳಿ. ಒಂದು ತುಂಡು ದಪ್ಪಗೆ ಕೊಯ್ದೆ. ದಪ್ಪದ್ದನ್ನ ಎಲೆಯ ಅಡಿ ಸರಿಸಿಟ್ಟೆ, ಕೊನೆಗೆ ನನಗೇ ಉಳೀಲಿ ಅಂತ” ಎಂದು ಸವರಿಯಮ್ಮ ನಗುತ್ತಾರೆ. “ಅಮ್ಮ ನೋಡಿದ್ಲು. ಹೊಡೀತಾಳೆ ಅಂತ ಕಾದೆ. ಹೊಡೀಲಿಲ್ಲ. ‘ದೊಡ್ಡ ತುಂಡು ಸಿಕ್ಕಿದೆಯಲ್ಲ ಕಣ್ಣು, ಎಲ್ಲರಿಗೂ ಕೇಳೋ ಹಾಗೆ ಸ್ತೋತ್ರ ಹೇಳು’ ಅಂದ್ಲು. ಬಾಯಿ ತೆರೆದೆ, ಬರಲಿಲ್ಲ. ತಮ್ಮ ಪಿಳಿಪಿಳಿ ನೋಡ್ತಾ ಇದ್ದಾನೆ. ದೇವರಿಗೆ ಏನಂತ ಹೇಳಲಿ? ಕದ್ದಿದ್ದಕ್ಕೆ ವಂದನೆ ಅಂತಲಾ?”

ಅವರು ಒಬ್ಬ ಪುಟ್ಟನ ಮೂಗು ಒರೆಸುತ್ತಾರೆ. “ಅವತ್ತಿಂದ ಹಾಗೇ. ಸ್ತೋತ್ರ ಹೇಳಕ್ಕಾಗದ ತುತ್ತು ಗಂಟಲಲ್ಲಿ ಇಳಿಯಲ್ಲ. ಫಾದರ್ ಚೆನ್ನಾಗಿ ಪ್ರಸಂಗ ಮಾಡ್ತಾರೆ, ಕೇಳ್ತೀನಿ. ಆದ್ರೆ ದೇವರು ನನಗೆ ಗೊತ್ತಾಗಿದ್ದು ಆ ತುಂಡಲ್ಲಿ.”

ಸಂಸ್ಕಾರ ಎಂಬ ಮಾತನ್ನು ನಾವು ದೊಡ್ಡ ಮನೆಗಳ ಪಡಸಾಲೆಗೆ ಬರೆದುಕೊಟ್ಟು ಕೂತಿದ್ದೇವೆ. ಲೈನ್ ಮನೆಯ ಮಕ್ಕಳಿಗೆ ಅದು ಇಲ್ಲ, ಕಲಿಸುವವರಿಲ್ಲ ಎಂದು ಸಭೆಗಳಲ್ಲಿ ಮರುಗುತ್ತೇವೆ. ಹತ್ತಡಿ ಉದ್ದದ ಕೋಣೆಯಲ್ಲಿ, ಅಕ್ಷರ ಬಾರದ ಹೆಂಗಸೊಬ್ಬಳು ಬರೀ ನೂಲಿನೆಳೆಯಿಂದ ಒಂದು ಮಗುವಿನೊಳಗೆ ನ್ಯಾಯವನ್ನೂ ವಿಶ್ವಾಸವನ್ನೂ ಒಟ್ಟಿಗೆ ಹೊಲಿದಳು. ಐವತ್ತು ವರ್ಷವಾದರೂ ಆ ಹೊಲಿಗೆ ಬಿಟ್ಟಿಲ್ಲ. ಹದಿನೈದು ಮಕ್ಕಳಿಗೆ ಬಾಗಿಲು ತೆರೆದು ಹದಿನಾಲ್ಕು ಮಕ್ಕಳಿಗೆ ಮುಚ್ಚಬೇಕು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದವರು ಯಾವ ಮನೆಯಲ್ಲಿ, ಏನು ಕಲಿತು ಬೆಳೆದರು? ಯಾರೂ ಕೇಳುವುದಿಲ್ಲ. ಕೇಳಬೇಕು.

ಆದರೆ ಸವರಿಯಮ್ಮ ತಮ್ಮನ್ನು ಹೊಗಳಗೊಡುವುದಿಲ್ಲ. “ಒಂದು ಸಲ ನಾನೂ ಅವರ ಮಾತು ಕೇಳಿದ್ದೆ” ಎನ್ನುತ್ತಾರೆ.

ಏಳು ವರ್ಷದ ಹಿಂದಿನ ಮಾತು. ಆಗಲೂ ಇಂಥದೇ ನೋಟಿಸು ಬಂತು. ಸವರಿಯಮ್ಮ ಹೆದರಿದರು. ಗಂಡ ಆಗಷ್ಟೇ ತೀರಿಕೊಂಡಿದ್ದ. ಹುಣಸೂರು ಕಡೆಯಿಂದ ಸೀಸನ್ನಿಗೆ ಬಂದಿದ್ದ ನಿಂಗಮ್ಮನಿಗೆ, “ನಾಳೆಯಿಂದ ಮಗು ತರಬೇಡಮ್ಮ” ಎಂದರು. ನಿಂಗಮ್ಮ ಎರಡು ವರ್ಷದ ಪ್ರಿಯಾಳನ್ನು ತೋಟಕ್ಕೇ ಒಯ್ದು, ನೆರಳಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸಿದಳು. ಮೂರನೇ ದಿನ ಮಧ್ಯಾಹ್ನ ಕೆರೆಗೆ ಹೊರಟ ಆನೆಗಳು ಅದೇ ಸಾಲಿಗೆ ಬಂದವು. ಎಲ್ಲರೂ ಓಡಿದರು. ನಿಂಗಮ್ಮ ಹಿಂದಕ್ಕೆ ಓಡಿ ಮಗುವನ್ನು ಜೋಲಿಯಿಂದ ಕಿತ್ತುಕೊಂಡು ಬರುವಾಗ ಕಾಲುವೆಗೆ ಬಿದ್ದಳು. ಆನೆ ಮುಟ್ಟಲಿಲ್ಲ. ಮಗುವಿನ ಕಾಲು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು.

“ಅಕ್ಕನ ತಪ್ಪೇನಿದೆ? ಅಕ್ಕನೂ ಕೂಲಿಯೋಳೇ” ಎನ್ನುತ್ತಾಳೆ ನಿಂಗಮ್ಮ. ಅವಳೀಗ ಇಲ್ಲೇ ಲೈನಿನಲ್ಲಿದ್ದಾಳೆ. ಸವರಿಯಮ್ಮ ಒಪ್ಪುವುದಿಲ್ಲ. “ಆ ವಾರ ಪೂರ್ತಿ ಪ್ರಾರ್ಥನೆಗೆ ಕೂತ್ರೆ ಬಾಯಿ ಕಟ್ಟೋದು. ಏಳನೇ ವಯಸ್ಸಿನ ಹಾಗೇ.”

ಪ್ರಿಯಾ ಈಗ ನಾಲ್ಕನೇ ಕ್ಲಾಸು. ನಾಲ್ಕು ಗಂಟೆಗೆ ಶಾಲೆ ಬಿಟ್ಟು ಕುಂಟುತ್ತಾ ಇಲ್ಲಿಗೇ ಬರುತ್ತಾಳೆ. ಆ ಮೂವತ್ತನೇ ಹೋಳು, ಸವರಿಯಮ್ಮನ ಪಾಲಿಗೆ ಕೊನೆಗೆ ಉಳಿಯುವುದು, ಅವಳಿಗಾಗಿ ಮುಚ್ಚಿಟ್ಟಿರುತ್ತದೆ. ಬಾಗಿಲ ಮೇಲಿನ ನೋಟಿಸನ್ನು ಸವರಿಯಮ್ಮನಿಗೆ ಓದಿ ಹೇಳಿದವಳೂ ಅವಳೇ.

ಈ ಬಾರಿ ಸವರಿಯಮ್ಮ ಯಾರನ್ನೂ ಕಳಿಸಿಲ್ಲ. ಹೊಸ ವರ್ಷದಿಂದ ಮೂರು ವಾರ ಇಪ್ಪತ್ತೊಂಬತ್ತನ್ನೂ ಒಳಗೇ ಇಟ್ಟುಕೊಂಡಿದ್ದಾರೆ. ಒಂದು ಮೆಮೊ ಬಂದಾಗಿದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ಅಷ್ಟರಲ್ಲಿ ಕೆಲಸದಿಂದ ತೆಗೆದರೆ ಲೈನ್ ಮನೆಯನ್ನೂ ಬಿಡಬೇಕು. ಹುಟ್ಟಿದ್ದು, ಮದುವೆಯಾಗಿದ್ದು, ಗಂಡನ ಹೆಣ ಹೊರಟಿದ್ದು ಎಲ್ಲ ಅದೇ ಲೈನಿನಲ್ಲಿ. ಬೇರೆ ಊರು ಎಂಬುದು ಅವರಿಗಿಲ್ಲ. ಅವರು ಮಣಿದರೆ ಹದಿನಾಲ್ಕು ಜೋಲಿಗಳು ಮತ್ತೆ ಮರಕ್ಕೆ ಬೀಳುತ್ತವೆ. ಆನೆಗಳು ಈ ವರ್ಷವೂ ತೋಟದಲ್ಲೇ ಇವೆ.

ತಿನ್ನುವ ಮುಂಚೆ ಮಕ್ಕಳು ಕಣ್ಣು ಮುಚ್ಚುತ್ತಾರೆ. “ಮನೇಲಿ ಯಾವ ದೇವರಿಗೆ ಕೈ ಮುಗಿತೀರೋ ಅವರಿಗೆ ಹೇಳಿ. ಪಕ್ಕದವನಿಗೂ ಸಿಕ್ಕಿತು ಅಂತ ಹೇಳೋದು ಮರೀಬೇಡಿ” ಎನ್ನುತ್ತಾರೆ ಆಯಮ್ಮ. ಇದಕ್ಕೂ ಒಬ್ಬ ಮೇಸ್ತ್ರಿ ಕೊಂಕು ತೆಗೆದನಂತೆ, ಮಕ್ಕಳನ್ನೆಲ್ಲ ಮತಾಂತರ ಮಾಡ್ತೀಯ ಅಂತ. “ನಾನಂದೆ, ಅಪ್ಪಾ, ಇಪ್ಪತ್ತೊಂಬತ್ತು ಮೂಗು ಒರೆಸೋ ಹೊತ್ತಿಗೆ ಸೂರ್ಯ ಮುಳುಗ್ತಾನೆ. ಮತ ಬದಲಾಯಿಸಕ್ಕೆ ಪುರಸೊತ್ತೆಲ್ಲಿ? ನೀನು ಬಂದು ಒರೆಸು, ಆಮೇಲೆ ಯೋಚನೆ ಮಾಡೋಣ.” ಮಗುವಿಗೆ ಹಾಲೂಡಿಸಲು ಬಂದು ಒಲೆಯ ಹತ್ತಿರ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ.

ಏನು ಬೇಕು ನಿಮಗೆ ಎಂದು ಕೇಳಿದರೆ ಒಲೆಗೆ ಇನ್ನೊಂದು ರೆಂಬೆ ತುರುಕುತ್ತಾರೆ. “ನಾನು ಹೋದ ಮೇಲೂ ನೆಟ್ಟಗೆ ಕೊಯ್ಯೋರು ಒಬ್ಬರು ಬೇಕು ಇಲ್ಲಿ. ಅಷ್ಟೇ.”

ಒಂಬತ್ತೂವರೆಗೆ ಜೀಪಿನ ಸದ್ದು. ಇಳಿದವರು ಇಬ್ಬರು. ಮುಂದೆ ಫೀಲ್ಡ್ ಆಫೀಸರ್ ದಿಗಂತ್, ವಯಸ್ಸು ಇಪ್ಪತ್ತಾರು, ಕೆಲಸಕ್ಕೆ ಸೇರಿ ಆರು ತಿಂಗಳು. ಹಿಂದೆ, ಕೈಯಲ್ಲಿ ಪಟ್ಟಿ ಹಿಡಿದ ರೈಟರ್ ಚೆನ್ನಯ್ಯ. ಎಸ್ಟೇಟಿನಲ್ಲಿ ಹಾಜರಿ ಹಾಕುವ, ಮೇಲಿನವರ ಮಾತನ್ನು ಕೆಳಗಿನವರಿಗೆ ಮುಟ್ಟಿಸುವ ಕೆಲಸ ಅವರದು. ಏಳು ವರ್ಷದ ಹಿಂದೆ ನೋಟಿಸು ತಂದವರೂ ಅವರೇ. ಮೂವತ್ತೊಂದು ವರ್ಷದ ಹಿಂದೆ, ಸವರಿಯಮ್ಮ ಆಯಾ ಆಗಿ ಸೇರಿದ ದಿನ ಈ ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಮೊದಲ ಮಗುವೂ ಅವರೇ.

“ಬಾ ಚೆನ್ನ” ಎನ್ನುತ್ತಾರೆ ಸವರಿಯಮ್ಮ, ಮೊಟ್ಟೆ ಸುಲಿಯುತ್ತಾ. “ಸಾರ್, ಇವನು ಸೊಟ್ಟ ಕೊಯ್ಯೋದ್ರಲ್ಲಿ ಫಸ್ಟು. ಸರದಿ ಬಂದ ಶುಕ್ರವಾರವೆಲ್ಲ ಇವನಿಗೇ ಸಣ್ಣ ತುಂಡು ಉಳಿಯೋದು, ಅಳೋನು.”

ಚೆನ್ನಯ್ಯ ಪಟ್ಟಿಯ ಹಾಳೆ ಬಿಡಿಸುತ್ತಾರೆ. ದಿಗಂತ್ ಕೆಟ್ಟ ಮನುಷ್ಯನಲ್ಲ, ಶೂ ಕಳಚಿಯೇ ಒಳಗೆ ಬರುತ್ತಾರೆ. “ನೋಟಿಸು ಓದಿದ್ರಾ ಸವರಿಯಮ್ಮ?”

“ಓದಿಸ್ಕೊಂಡೆ ಸಾರ್.”

“ಮತ್ತೆ ಇಷ್ಟೊಂದು ಜನ ಯಾಕೆ?”

“ಜನ ಅಲ್ಲ ಸಾರ್, ಮಕ್ಕಳು.”

“ನೋಡಿ, ನಾಳೆ ದೊಡ್ಡೋರು ಬರ್ತಾರೆ. ಇವತ್ತೇ ಸರಿ ಆಗ್ಬೇಕು. ಪಟ್ಟೀಲಿರೋರು ಒಳಗೆ, ಅವರಿಗೆ ಒಂದೊಂದು ಇಡೀ ಮೊಟ್ಟೆ ಕೊಡಿ. ಉಳಿದೋರನ್ನ ಅವರವರ ತಾಯಿ ಹತ್ರ ಕಳಿಸಿ.”

ಸವರಿಯಮ್ಮ ಕೈಯಲ್ಲಿದ್ದ ಮೊಟ್ಟೆಯನ್ನು ಪಾತ್ರೆಗೆ ಇಡುತ್ತಾರೆ. “ಅದಕ್ಕೆ ಸ್ತೋತ್ರ ಹೇಳಕ್ಕೆ ನನಗೆ ಬರಲ್ಲ ಸಾರ್.”

ದಿಗಂತ್‌ಗೆ ಅರ್ಥವಾಗುವುದಿಲ್ಲ. “ಕೆಲಸ ಹೋಗುತ್ತೆ ಸವರಿಯಮ್ಮ. ಮನೇನೂ ಹೋಗುತ್ತೆ. ನನ್ನ ಕೈಲಿ ಏನೂ ಇರಲ್ಲ.”

“ಗೊತ್ತು ಸಾರ್.”

ಹಿಂದಿನ ಸಾಲಿನಲ್ಲಿ ಯಾರೋ “ಅಂಡಾ” ಎಂದು ಮೆಲ್ಲಗೆ ನೆನಪಿಸುತ್ತಾರೆ. ದಿಗಂತ್ ಮುಖ ಒರೆಸಿಕೊಂಡು ತಿರುಗುತ್ತಾರೆ. “ರೈಟರೇ, ನೀವೇ ಹಂಚಿ. ಪಟ್ಟಿ ಓದಿ, ಒಬ್ಬೊಬ್ಬರನ್ನೇ ಕರೆದು ಕೊಡಿ.”

ಚೆನ್ನಯ್ಯ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ. ತೊಟ್ಟಿಗೆ ಹೋಗಿ ಎರಡೂ ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡು ಬರುತ್ತಾರೆ. ಪಾತ್ರೆಯಿಂದ ಒಂದು ಮೊಟ್ಟೆ ಎತ್ತುತ್ತಾರೆ. ಇಪ್ಪತ್ತೊಂಬತ್ತು ಜೊತೆ ಕಣ್ಣು ಆ ಮೊಟ್ಟೆಯ ಮೇಲಿದೆ. ಅವರು ಮಕ್ಕಳ ಕಡೆ ಬರುವುದಿಲ್ಲ. ಕಿಟಕಿಯ ಕಡೆಗೇ ನಡೆದು, ಸರಳಿನಿಂದ ಇಳಿಬಿದ್ದಿದ್ದ ದಾರದ ತುದಿಯನ್ನು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತಾರೆ.

“ಚೆನ್ನಯ್ಯ, ಇಡೀದು ಕೊಡಿ ಅಂದೆ.”

“ಆಗಲ್ಲ ಸಾರ್” ಎನ್ನುತ್ತಾರೆ ಚೆನ್ನಯ್ಯ, ತಿರುಗದೆ. ದಾರ ಬಿಗಿಯುತ್ತಾರೆ.